ಮುಳ್ಳು ಎದ್ದ ಮೇಲೆ ಮುಟ್ಟು

ಗಿರಣಿ ಓಣಿಯಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಕರೆಂಟು ಅಳೆಯುವ ಹಳೇ ಮುಳ್ಳಿನ ಮೀಟರು ರಿಪೇರಿ ಮಾಡುವುದರಲ್ಲಿ ಎತ್ತಿದ ಕೈ. ಮಗ ಅಡಿವೆಪ್ಪನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ. ನೀಲವ್ವನಿಗೆ ಅದೇ ಚಿಂತೆ.

ಒಂದು ದಿನ ವೈರ್‌ಮನ್ ದಸ್ತಗೀರ್‌ಸಾಬ ತನ್ನ ಮೀಟರು ತಂದ. "ಮುಳ್ಳು ಒಮ್ಮೆ ಏಳತೈತಿ, ಒಮ್ಮೆ ಸತ್ತಂಗ ಬೀಳತೈತಿ. ಇದನ್ನ ನಂಬಿ ವಯರಿಗೆ ಕೈ ಹಾಕಾಂವ ನಾನು, ನೀಲವ್ವ."

ನೀಲವ್ವ ಮೀಟರಿನ ವಯರುಗಳ ತುದಿಯ ಎರಡು ಕಡ್ಡಿಗಳನ್ನು ಸೆಲ್ಲಿಗೆ ಹಚ್ಚಿ, ಅದರ ತಿರುಗುವ ಸ್ವಿಚ್ಚನ್ನು ಬೆರಳಿಂದ ಪಕ್ಕಕ್ಕೆ ಒತ್ತಿದಳು. ಮುಳ್ಳು ಜಿಗಿಯಿತು. ಸ್ವಿಚ್ಚಿನ ಒಳಗಿನ ಹಿತ್ತಾಳೆ ಕಪ್ಪುಗಟ್ಟಿದೆ, ಬೇರೆ ರೋಗವಿಲ್ಲ. ಸ್ವಿಚ್ಚಿನ ಕಪ್ಪು ಹೋಗುವ ಹಾಗೆ ಸ್ಪಿರಿಟ್ ಹಚ್ಚಿ ಒರೆಸು ಎಂದು ಮಗನಿಗೆ ಹೇಳಿ ರೊಟ್ಟಿ ಬಡಿಯಲು ಹೋದಳು.

ಬಂದು ನೋಡಿದರೆ ಮೇಲಿನ ಸ್ವಿಚ್ಚನ್ನೇ ಉಜ್ಜಿ ಉಜ್ಜಿ, ಸುತ್ತಲಿನ ಅಂಕಿಗಳನ್ನೂ ಅಳಿಸಿ ಕೂತಿದ್ದ! ನೀಲವ್ವ ಹಣೆ ಚಚ್ಚಿಕೊಂಡು ಅಂಕಿಗಳನ್ನು ಮತ್ತೆ ಬರೆದಳು. ಹೊಲಸು ಒಳಗಿರುತ್ತೆ, ಬಿಚ್ಚಿ ಒರೆಸು, ಆಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡು ಎಂದು ಬೈದು ಹೇಳಿದಳು.

ಬಿಚ್ಚಿದ, ಒರೆಸಿದ, ಮುಚ್ಚಿದ. ಇಲ್ಲಿಗೆ ಸರಿಯೇ. ಆಮೇಲೆ ಮೀಟರಿನ ಎರಡೂ ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ, ಸ್ವಿಚ್ಚನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸತೊಡಗಿದ. ಚಟ್ ಅಂತ ಒಳಗಿನ ಫ್ಯೂಸು ಹೋಯಿತು. ನೀಲವ್ವ ಫ್ಯೂಸು ಬದಲಿಸಿ, ಕಡ್ಡಿ ಕಿತ್ತ ಮೇಲೆಯೇ ಸ್ವಿಚ್ಚು ಮುಟ್ಟಬೇಕು ಎಂದು ಗಿಳಿಗೆ ಹೇಳಿದಂತೆ ಹೇಳಿದಳು.

ಮರುದಿನ ಎದುರಿನ ಹಿಟ್ಟಿನ ಗಿರಣಿಯಲ್ಲಿ ಮೋಟರು ಕೆಟ್ಟಿತು. ದಸ್ತಗೀರ್‌ಸಾಬ ಅಡಿವೆಪ್ಪನ ಕೈಲಿ ಮೀಟರು ತರಿಸಿ, ವಯರಿನಲ್ಲಿ ಕರೆಂಟು ಐತೇನು ನೋಡು ಎಂದ. ಅಡಿವೆಪ್ಪ ಅವ್ವ ಹೇಳಿದಂತೆ ಕಡ್ಡಿಗಳನ್ನು ಯಾವುದಕ್ಕೂ ತಾಗಿಸದೆ ಕಂಕುಳಲ್ಲಿಟ್ಟುಕೊಂಡ, ಸ್ವಿಚ್ಚು ತಿರುಗಿಸಿದ, ಸೊನ್ನೆ ಐತಿ ಚಾಚಾ ಎಂದ. ಸಾಬ ವಯರಿಗೆ ಕೈ ಚಾಚಿದ.

ಮಗನನ್ನು ನಂಬದೆ ಹಿಂದೆಯೇ ಬಂದಿದ್ದ ನೀಲವ್ವನಿಗೆ ಕಂಕುಳಿನ ಕಡ್ಡಿ ಕಂಡಿತು. ಓಡಿಬಂದು ಸಾಬನ ಅಂಗಿ ಹಿಡಿದು ಎಳೆದು, ಮಗನ ಕಡೆ ತಿರುಗಿದಳು. "ಸೊನ್ನಿ ನಂಬಬ್ಯಾಡೋ ನನ್ನಪ್ಪಾ! ಕಡ್ಡಿ ಇಟ್ಟು ಮುಳ್ಳು ಏಳೂದನ್ನ ಕಣ್ಣಾರೆ ನೋಡು. ಅದು ಏಳೂತನಕ ಯಾರನ್ನೂ ಮುಟ್ಟಗೊಡಬ್ಯಾಡ." ಕರೆಂಟು ಇರುವ ಕಡೆ ಹಚ್ಚಿ ಮೀಟರಿಗೆ ಜೀವವಿದೆಯೋ ಇಲ್ಲವೋ ಮೊದಲು ನೋಡಿಕೋ ಅಂತ ಅವಳ ಅರ್ಥ. ನೀರು ಕುಡಿಯಲು ಬಾಗಿಲ ಬಳಿಯ ಕೊಡದ ಕಡೆ ಹೋದಳು.

ಸಾಬ ತಾನೇ ಮೇನ್ ಸ್ವಿಚ್ಚು ಇಳಿಸಿ ಕರೆಂಟು ಕಡಿದು ಬಂದು ಮೋಟರಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಚ್ಚಿದ. ಅಡಿವೆಪ್ಪ ಮೇನಿನ ಕೆಳಗಿನ ವಯರಿಗೆ ಕಡ್ಡಿ ಸಿಕ್ಕಿಸಿ ನೋಡಿದ. ಮುಳ್ಳು ಏಳಲಿಲ್ಲ. ಮತ್ತೆ ನೋಡಿದ. ಏಳಲೇ ಇಲ್ಲ. ಚಾಚಾನ ಜೀವಕ್ಕೆ ಏನಾಗುತ್ತದೋ ಎಂದು ಅವನಿಗೂ ಹೆದರಿಕೆಯಾಯಿತು. ಅತ್ತ ಇತ್ತ ನೋಡಿ, ಮೇನನ್ನು ಎತ್ತಿಬಿಟ್ಟ.

ಮೋಟರು ಗುರ್ರೆಂದಿತು. ಸಾಬ ಹಾರಿ ಹಿಟ್ಟಿನ ಚೀಲದ ಮೇಲೆ ಬಿದ್ದ. ನೀಲವ್ವನ ಕೈಯ ಲೋಟ ಜಾರಿತು. ಸಾಬ ಬೆಳ್ಳಗಾಗಿ ಎದ್ದು ಕೂತು ಕೆಮ್ಮಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು.

ಅಡಿವೆಪ್ಪನ ಮುಖ ಮಾತ್ರ ಅರಳಿತ್ತು. ಮೀಟರನ್ನು ಸಾಬನ ಕಡೆ ತಿರುಗಿಸಿ ತೋರಿಸಿದ.

"ಮುಳ್ಳು ಎದ್ದೈತಿ ಚಾಚಾ. ಇನ್ನ ಧೈರ್ಯಲೆ ಮುಟ್ರಿ."