ನಾಲ್ಕು ಚಕ್ರದ ಲೆಕ್ಕ

ಜೋಳದ ಉಗ್ರಾಣದ ಬಾಗಿಲಲ್ಲಿ ಮೂಟೆ ಎಣಿಸುವ ಯಂತ್ರವೊಂದಿತ್ತು. ಅದಕ್ಕಿದ್ದದ್ದು ನಾಲ್ಕೇ ಅಂಕಿಚಕ್ರ. ಒಂದರ ಮೇಲೊಂದು ಮೂಟೆ ಪೇರಿಸಿದ ಅಟ್ಟಿಯ ತಳದಲ್ಲಿ ಬಿದ್ದಿದ್ದ ಮೂಟೆ ಕೂಗಿ ಹೇಳಿತು: "ಐದನೆಯ ಚಕ್ರ ಹಾಕಿಸಿಕೊಳ್ಳಯ್ಯ, ಅಟ್ಟಿ ಏರುತ್ತಿದೆ."

"ಹತ್ತು ಸಾವಿರ ಮೂಟೆಯನ್ನು ಈ ಊರು ಎಂದಾದರೂ ಕಂಡಿದೆಯೇ? ತುಳಿಸಿಕೊಳ್ಳುವವನಿಗೆ ಲೆಕ್ಕದ ಉಸಾಬರಿ ಯಾಕೆ?" ಎಂದು ಯಂತ್ರ ನಕ್ಕಿತು.

ಆ ಸುಗ್ಗಿಯಲ್ಲಿ ಹತ್ತು ಸಾವಿರನೆಯ ಮೂಟೆ ಬಂದೇ ಬಂತು. ಚಕ್ರಗಳು ಟಕ್ಕೆಂದು ಹೊರಳಿ ನಾಲ್ಕು ಸೊನ್ನೆ ತೋರಿಸಿದವು. "ಉಗ್ರಾಣ ಖಾಲಿ, ಬನ್ನಿ ಬನ್ನಿ!" ಎಂದು ಸೊನ್ನೆ ಕಂಡ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಅಟ್ಟಿಯ ಮೇಲೆ ಮತ್ತೆ ಮೂಟೆಗಳು ಬಿದ್ದವು.

"ಖಾಲಿಯಾದರೆ ನನ್ನ ಬೆನ್ನು ಮುರಿಯುತ್ತಿರುವುದು ಏನಪ್ಪ?" ಎಂದಿತು ತಳದ ಮೂಟೆ.

"ನನ್ನ ಲೆಕ್ಕದಲ್ಲಿ ಏನೂ ಇಲ್ಲ," ಎಂದಿತು ಯಂತ್ರ.

ಮೂಟೆಯ ಹೊಲಿಗೆ ಹರಿಯಿತು. ಲೆಕ್ಕದಲ್ಲಿ ಇಲ್ಲದ ಅಟ್ಟಿ ವಾಲಿ, ಬಾಗಿಲ ಸಮೇತ ಯಂತ್ರವನ್ನು ಹೂತುಹಾಕಿತು.