ಓಡಿಹೋದವಳ ಜಾಹೀರಾತು

ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹಿಂದಿನವರು ಮಾಡಿದ ಅನ್ಯಾಯವನ್ನು ಮಕ್ಕಳಿಗೆ ಹೇಗೆ ಕಲಿಸಲಿ? ನಾನು ಬಾಯಿ ತೆರೆದರೆ ಸಾಕು, ಪಕ್ಷ ವಹಿಸಿದೆ ಎನ್ನುತ್ತಾರೆ.”

ಗುರುಗಳು ಹೇಳಿದರು:

ಅಮೆರಿಕದ ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದಳು. ಹಿಂದೊಂದು ಕಾಲಕ್ಕೆ ಆ ಸೀಮೆಯಲ್ಲಿ ಬಿಳಿಯರು ಕಪ್ಪು ಜನರನ್ನು ದನಗಳಂತೆ ಕೊಂಡು ತಂದು ಹೊಲದಲ್ಲಿ ದುಡಿಸುತ್ತಿದ್ದರು. ಆ ಪಾಠ ಬಂದಾಗ ಒಬ್ಬ ಬಿಳಿಯ ಹುಡುಗ ಎದ್ದು, “ಯಜಮಾನರು ಅವರನ್ನು ಮನೆಯ ಮಕ್ಕಳಂತೆಯೇ ಸಾಕಿದರಂತೆ” ಎಂದ. ಕಪ್ಪು ಹುಡುಗಿಯೊಬ್ಬಳು, “ನಮ್ಮಜ್ಜಿ ಹಾಗೆ ಹೇಳುವುದಿಲ್ಲ” ಎಂದಳು. ಅಜ್ಜಿಯ ಮಾತಿಗೆ ಏನು ಆಧಾರ ಎಂದು ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕೂತಳು.

ಉಪಾಧ್ಯಾಯಿನಿಗೆ ಮೈ ಉರಿದುಹೋಯಿತು. ನೀನೋ ನಾನೋ ಆಗಿದ್ದರೆ ಒಂದು ಗಂಟೆ ಭಾಷಣ ಬಿಗಿಯುತ್ತಿದ್ದೆವು. ಆಕೆ ತುಟಿ ಬಿಚ್ಚಲಿಲ್ಲ. ಊರ ಗ್ರಂಥಾಲಯಕ್ಕೆ ಹೋಗಿ ನಾಲ್ಕು ದಿನ ಹಳೆಯ ಪತ್ರಿಕೆಗಳ ಧೂಳು ಕುಡಿದಳು. ಐದನೆಯ ದಿನ ಒಂದು ಜಾಹೀರಾತಿನ ಪ್ರತಿಯನ್ನು ತಂದು, ಗಟ್ಟಿಯಾಗಿ ಓದಲು ಆ ಹುಡುಗನಿಗೇ ಕೊಟ್ಟಳು.

“ನನ್ನ ಗುಲಾಮ ಹೆಂಗಸು ಲೆಟಿ ಓಡಿಹೋಗಿದ್ದಾಳೆ. ಬೆನ್ನ ತುಂಬ ಚಾಟಿಯ ಗುರುತುಗಳಿವೆ. ಕಳೆದ ತಿಂಗಳು ನಾನು ಮಾರಿದ ಅವಳ ಮಗುವನ್ನು ಹುಡುಕಿಕೊಂಡು ಹೋಗಿರಬಹುದು. ಹಿಡಿದು ತಂದವರಿಗೆ ಬಹುಮಾನವಿದೆ.”

ಮಗು ಎಂಬಲ್ಲಿ ಹುಡುಗ ತಡವರಿಸಿದ. ಉಳಿದದ್ದನ್ನು ಹೇಗೋ ಓದಿ ಮುಗಿಸಿದ. ಯಾರೂ ನಗಲಿಲ್ಲ. ಹುಡುಗಿ ಮೆಲ್ಲಗೆ ತಲೆ ಎತ್ತಿದಳು.

ಮಾರನೆಯ ದಿನ ಹುಡುಗನ ತಂದೆ ಕೆಂಡಾಮಂಡಲವಾಗಿ ಬಂದ. “ಯಜಮಾನರು ಕ್ರೂರಿಗಳೆಂದು ನನ್ನ ಮಗನ ತಲೆಗೆ ತುಂಬಿದವರು ಯಾರು? ಅವರನ್ನು ಈ ಶಾಲೆಯಲ್ಲಿ ಉಳಿಯಲು ಬಿಡುವುದಿಲ್ಲ.”

ಆಕೆ ಜಾಹೀರಾತನ್ನು ಅವನ ಮುಂದಿಟ್ಟು, ಕೆಳಗೆ ಅಚ್ಚಾಗಿದ್ದ ಯಜಮಾನನ ಹೆಸರಿನ ಮೇಲೆ ಬೆರಳಿಟ್ಟಳು.

“ಇವರು” ಎಂದಳು.

ತಂದೆ ಓದಿದ. ಮತ್ತೊಮ್ಮೆ ಓದಿದ. ಬಂದ ದಾರಿಯಲ್ಲೇ ಹೊರಟುಹೋದ.

ಇಷ್ಟು ಹೇಳಿ ಗುರುಗಳು, “ಎಂಥ ಹೆಣ್ಣುಮಗಳು! ಅಂಥವರ ಕೈಯಲ್ಲಿ ಕಲಿಯುವುದಕ್ಕೂ ಪುಣ್ಯ ಬೇಕು” ಎಂದು ಕೈ ಮುಗಿದರು.

ಶಿಷ್ಯನಿಗೂ ಮನಸ್ಸು ತುಂಬಿತ್ತು. ಆದರೂ ನಿಟ್ಟುಸಿರಿಟ್ಟು, “ಆಕೆಗೆ ಜಾಹೀರಾತು ಸಿಕ್ಕಿತು, ಗುರುಗಳೇ. ನಮ್ಮೂರಿನಲ್ಲಿ ಆದದ್ದಕ್ಕೆ ಅಂಥ ಕಾಗದ ಎಲ್ಲಿದೆ?” ಎಂದ.

ಗುರುಗಳು ಕೇಳಿದರು: “ಹುಡುಕಿದ್ದೀಯಾ?”