ಒಳಓಣಿಗೆ ಬಂದ ಅಳಿಯ

“ಮೇಷ್ಟ್ರೇ, ಮನೆಯವರಿಗೂ ಗೋಡೆ ಹಾಕಲೇಬೇಕೇ?” ಎಂದು ಕೆಂಪರಾಜು ಕೇಳಿದ.

ಅವನು ಪುಟ್ಟಮಾದಯ್ಯ ಮೇಷ್ಟ್ರ ಬಳಿ ಮನೆಗಳಿಗೆ ನೆಟ್‌ವರ್ಕ್ ಹಾಕುವ ಕೆಲಸ ಕಲಿಯುತ್ತಿದ್ದ. ಕಲಿತದ್ದನ್ನು ಮೊದಲು ತನ್ನ ಮನೆಯಲ್ಲೇ ಮಾಡಿ ನೋಡಿದ್ದ. ವೈ-ಫೈಯನ್ನು ಬೇರೆ ಬೇರೆ ಓಣಿಗಳಾಗಿ ಒಡೆದು, ಒಂದು ಓಣಿಯವರು ಇನ್ನೊಂದಕ್ಕೆ ಕಾಲಿಡದಂತೆ ಮಾಡಿದ್ದ. ಆಗಾಗ ಬಂದುಹೋಗುವ ಭಾವನನ್ನು ಅತಿಥಿಗಳ ಹೊರಓಣಿಗೆ ಹಾಕಿದ್ದ. ಅಂದಿನಿಂದ ಭಾವ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನನ್ನನ್ನು ಹೊರಗಿನವರ ಸಾಲಿಗೆ ಸೇರಿಸಿದ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದ. ಅಕ್ಕ ಅತ್ತಿದ್ದಳು. ಕೆಂಪರಾಜುವಿಗೆ ಸಾಕುಸಾಕಾಗಿತ್ತು. ಗೋಡೆಗಳನ್ನೆಲ್ಲ ಕೆಡವಿ ನೆಮ್ಮದಿಯಾಗಿ ಇದ್ದುಬಿಡಲೇ ಎಂಬುದೇ ಅವನು ನಿಜವಾಗಿ ಕೇಳಬೇಕೆಂದಿದ್ದ ಮಾತು.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಈ ಪ್ರಶ್ನೆ ಕೇಳಿ ಕೇಳಿ ಅವರಿಗೂ ದಣಿವಾಗಿತ್ತು. ಆದರೂ ಹೇಳಿದರು.

ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿ ಕಷ್ಟದಲ್ಲಿರುವ ಹೆಂಗಸರಿಗೆ ದಾರಿ ತೋರಿಸುವವಳು. ಮುಂದಿನ ಕೋಣೆಯಲ್ಲಿ ಕೂತು ಅವರ ಮಾತು ಕೇಳುತ್ತಿದ್ದಳು, ಕೇಳಿದ್ದನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದಳು. ಒಂದು ದಿನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಒಬ್ಬಳು ಬಂದಳು. ಗಂಡನ ಹೊಡೆತ ತಾಳಲಾರದೆ ಊರು ಬಿಟ್ಟವಳು. ಸಿಕ್ಕರೆ ಉಳಿಸುವುದಿಲ್ಲ ಎಂದು ಗಂಡ ಹುಡುಕುತ್ತಿದ್ದ. ಅವಳು ಅಡಗಿದ್ದ ಮನೆಯ ವಿಳಾಸ ಆ ಕಂಪ್ಯೂಟರು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹೊರಡುವಾಗ ಅವಳು ಗೃಹಸ್ಥನ ಮುಂದೆ ನಿಂತಳು.

“ಅಣ್ಣ, ಇದು ಯಾರ ಕೈಗೂ ಸಿಗುವುದಿಲ್ಲ ತಾನೇ?”

“ಇಲ್ಲ ತಾಯಿ. ಅದು ನನ್ನ ಹೊಣೆ.”

ಆಡಿದ ಮಾತಿಗೆ ತಕ್ಕಂತೆ ಅವನು ದುಡಿದ. ಮನೆಯ ನೆಟ್‌ವರ್ಕನ್ನು ಮೂರು ಓಣಿ ಮಾಡಿದ. ಬಂದುಹೋಗುವವರಿಗೆ ಹೊರಓಣಿ. ಟಿ.ವಿ., ಕ್ಯಾಮೆರಾ ಮುಂತಾದ, ಒಳಗೇನಿದೆಯೋ ತಿಳಿಯದ ಸಾಮಾನುಗಳಿಗೆ ನಡುಓಣಿ. ಹೆಂಡತಿಯ ಕಂಪ್ಯೂಟರಿಗೂ ಮನೆಯ ಮೂವರ ಫೋನಿಗೂ ಒಳಓಣಿ. ಒಳಗಿನವರು ಹೊರಗಿನವರನ್ನು ಕರೆಯಬಹುದು, ಹೊರಗಿನವರು ಒಳಗಿನ ಬಾಗಿಲು ತಟ್ಟುವಂತಿಲ್ಲ. ತಾನು ಕೈಯಾರೆ ಪರೀಕ್ಷಿಸದ ಯಾವ ಯಂತ್ರವೂ ಒಳಓಣಿಗೆ ಬರಕೂಡದು ಎಂದು ನೇಮ ಮಾಡಿಕೊಂಡ. ಹೆಂಡತಿಯ ಫೋನು ನೋಡಿದ, ಮಗಳದನ್ನೂ ನೋಡಿದ, ತನ್ನದನ್ನಂತೂ ಎರಡು ಸಲ ನೋಡಿದ.

ಕಟ್ಟುವುದೇನೋ ಕಟ್ಟಿದ. ಕಾಯುವುದಿದೆಯಲ್ಲ, ಅದು ಮೈ ಹಿಂಡಿ ಹಾಕಿತು. ಫೋನಿನ ಫೋಟೊ ಟಿ.ವಿ.ಯಲ್ಲಿ ಬರುತ್ತಿಲ್ಲ ಎಂದು ಮಗಳು ಗೊಣಗುತ್ತಿದ್ದಳು. ಬೀದಿಯಲ್ಲಿ ಕೇಬಲ್ ತುಂಡಾಗಿ ನೆಟ್ ಹೋದರೂ ಮನೆಯವರು ನಿಮ್ಮ ಗೋಡೆಯಿಂದಲೇ ಹೋಯಿತು ಎನ್ನುತ್ತಿದ್ದರು. ಬಂದ ನೆಂಟರೆಲ್ಲ ಅನುಮಾನದ ಪಿಶಾಚಿ ಎಂದು ಹಿಂದಿನಿಂದ ನಗುತ್ತಿದ್ದರು. ಕಳ್ಳ ಬಾರದ ದಿನಕ್ಕೆ ಕಾವಲುಗಾರನಿಗೆ ಯಾರು ತಾನೇ ಶಹಬ್ಬಾಸ್ ಎಂದಾರು?

ಮಗಳ ಮದುವೆಯಾಯಿತು. ಮೊದಲ ದೀಪಾವಳಿಗೆ ಅಳಿಯ ಬಂದ. ಎಣ್ಣೆನೀರಾಯಿತು, ಹೊಸ ಬಟ್ಟೆಯಾಯಿತು, ಹೋಳಿಗೆಯ ಮೇಲೆ ತುಪ್ಪ ಬಿತ್ತು. ಊಟ ಮುಗಿಸಿ ಅಳಿಯ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಕೇಳಿದ. ಗೃಹಸ್ಥ ಹೊರಓಣಿಯದನ್ನು ಕೊಟ್ಟ. ಅದರ ಹೆಸರು ‘ಅತಿಥಿ’ ಎಂದಿತ್ತು. ಪಕ್ಕದಲ್ಲಿದ್ದ ಮಗಳ ಫೋನಿನಲ್ಲಿ ‘ಮನೆ’ ಎಂದಿತ್ತು. ಅಳಿಯ ಎರಡನ್ನೂ ನೋಡಿ ನಕ್ಕ.

ಆ ನಗು ಹಬ್ಬಕ್ಕೆ ಬಂದಿದ್ದ ಗೃಹಸ್ಥನ ಅಕ್ಕನ ಕಣ್ಣಿಗೆ ಬಿತ್ತು. ಅವಳು ಬಿಟ್ಟಾಳೆಯೇ? ತಮ್ಮನನ್ನು ಅಡುಗೆಮನೆಗೆ ಕರೆದು ತರಾಟೆಗೆ ತೆಗೆದುಕೊಂಡಳು. ಹೆಣ್ಣನ್ನೇ ಕೊಟ್ಟಾದ ಮೇಲೆ ಇನ್ನೇನು ಬಚ್ಚಿಡುವುದಿದೆ, ಅಳಿಯನಿಗೆ ಜಗಲಿಯಲ್ಲಿ ಎಲೆ ಹಾಕಿದ ಹಾಗಾಯಿತು, ಬೀಗರ ಕಿವಿಗೆ ಬಿದ್ದರೆ ಮುಖ ಎಲ್ಲಿಟ್ಟುಕೊಳ್ಳುವುದು ಎಂದಳು. ಮಗಳು ಬಾಗಿಲಲ್ಲಿ ನಿಂತು ಕಣ್ಣು ತುಂಬಿಕೊಂಡಳು. ಹೆಂಡತಿ ಮಾತ್ರ ಅವನ ಮುಖ ನೋಡಿ, ಅದು ನಿಮಗೇ ಗೊತ್ತು ಎಂದು ಪಾತ್ರೆ ಎತ್ತಿಡಲು ಹೋದಳು.

ಗೃಹಸ್ಥನಿಗೆ ತನ್ನ ನೇಮ ಮರೆತಿರಲಿಲ್ಲ. ಒಳಗೆ ಬಿಡುವುದಾದರೆ ಆ ಲ್ಯಾಪ್‌ಟಾಪನ್ನು ಪರೀಕ್ಷಿಸಬೇಕು. ಆದರೆ ಮೊದಲ ಹಬ್ಬಕ್ಕೆ ಬಂದ ಅಳಿಯನನ್ನು, ಇತ್ತ ಕೊಡಿ, ಇದರಲ್ಲಿ ಏನೇನು ತುಂಬಿಕೊಂಡಿದ್ದೀರೋ ನೋಡುತ್ತೇನೆ ಎಂದು ಯಾವ ಮಾವ ಕೇಳಿಯಾನು? ಕೇಳಲು ಅವನಿಗೆ ಬಾಯಿ ಬರಲಿಲ್ಲ. ಆಗುವುದಿಲ್ಲ ಎನ್ನುವ ತ್ರಾಣವೂ ಉಳಿದಿರಲಿಲ್ಲ. ಹಬ್ಬ ಮುಗಿಯಲಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿದರಾಯಿತು ಎಂದುಕೊಂಡು ಒಳಓಣಿಯದನ್ನೇ ಕೊಟ್ಟುಬಿಟ್ಟ. ಮನೆಯಲ್ಲಿ ಎಲ್ಲರ ಮುಖ ಅರಳಿತು. ಅವನಿಗೂ ಹೆಗಲ ಮೇಲಿನ ಮೂಟೆ ಇಳಿಸಿದಂತಾಯಿತು.

ಅಳಿಯ ಕೆಟ್ಟವನಲ್ಲ. ಬಿಟ್ಟಿ ಸಿನಿಮಾದ ಆಸೆಗೆ ಸಿಕ್ಕಸಿಕ್ಕ ಕಡೆಯಿಂದ ಏನೇನೋ ಇಳಿಸಿಕೊಂಡಿದ್ದ. ಅದರ ಜೊತೆಗೆ ವೈರಸ್ ಎಂಬ ಕಳ್ಳನೂ ಇಳಿದಿದ್ದು ಅವನಿಗೆ ತಿಳಿಯದು. ಹೊರಓಣಿಯಲ್ಲೇ ಇದ್ದಿದ್ದರೆ ಆ ಕಳ್ಳ ಗೋಡೆ ನೋಡಿಕೊಂಡು ಕೂತಿರುತ್ತಿದ್ದ. ಒಳಓಣಿಯಲ್ಲಿ ಅವನಿಗೂ ಗೃಹಸ್ಥನ ಹೆಂಡತಿಯ ಕಂಪ್ಯೂಟರಿಗೂ ನಡುವೆ ಏನೂ ಇರಲಿಲ್ಲ. ಹಬ್ಬ ಕಳೆದು ಕೆಲವೇ ದಿನಕ್ಕೆ ಅವಳು ಬರೆದಿಟ್ಟದ್ದೆಲ್ಲ ಇಂಟರ್‌ನೆಟ್ಟಿನಲ್ಲಿ ಹತ್ತು ಜನ ಓದುವ ಕಡೆ ಬಿತ್ತು. ಗೃಹಸ್ಥ ಎಲ್ಲ ಪಾಸ್‌ವರ್ಡುಗಳನ್ನೂ ಬದಲಾಯಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಹೆಂಡತಿ ಆ ಹೆಂಗಸಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವಳನ್ನು ಹುಡುಕುತ್ತಿದ್ದ ಗಂಡ ಅದನ್ನು ನೋಡಿದನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನೋಡಿರಬಹುದು ಎಂಬುದೇ ಅವಳಿಗೆ ಸಾಕಾಯಿತು. ಒಲೆಯ ಮೇಲಿದ್ದ ಅನ್ನವನ್ನು ಹಾಗೇ ಬಿಟ್ಟು, ಮಗುವನ್ನೆತ್ತಿಕೊಂಡು ಮತ್ತೆ ಹೊರಟಳು. ಗೃಹಸ್ಥ ಬಸ್ ಸ್ಟ್ಯಾಂಡಿಗೆ ಓಡಿಹೋಗಿ ಅವಳನ್ನು ಕಂಡ. ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ. ಎಲ್ಲಿಗೆ ಹೋಗುತ್ತೀ ತಾಯಿ, ನನ್ನಿಂದಾದ ಸಹಾಯ ಮಾಡುತ್ತೇನೆ ಎಂದ. ಅವಳು ಬೈಯಲಿಲ್ಲ. ಎಲ್ಲಿಗೆಂದು ಹೇಳಲೂ ಇಲ್ಲ. ಬಸ್ಸು ಹತ್ತಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಳು.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಕೆಂಪರಾಜುವಿನ ಮನಸ್ಸು ಆ ಗೃಹಸ್ಥನಿಗಾಗಿ ಮರುಗುತ್ತಿತ್ತು. ಪಾಪ, ಅವನಾದರೂ ಏನು ಮಾಡಿಯಾನು, ಕೊಡದಿದ್ದರೆ ಅಳಿಯ ಮುನಿಸಿಕೊಳ್ಳುತ್ತಿರಲಿಲ್ಲವೇ ಎಂದ.

“ಮುನಿಸಿಕೊಳ್ಳುವವನು ಎದುರಿಗೆ ಕೂತಿದ್ದನಪ್ಪ, ನಂಬಿದವಳು ಎದುರಿಗಿರಲಿಲ್ಲ” ಎಂದರು ಮೇಷ್ಟ್ರು.